ಹಳೇ ಪಾಂಡು, ಹೊಸ ಟಿವಿ

ಈ ಸಲ ಬಂದ ಕಾಗದಗಳಲ್ಲಿ ಜಾಸ್ತಿ ಪಾಲು ಹಳೇ ಕಾಮಿಡಿ ಸೀರಿಯಲ್‌ಗಳದ್ದೇ. ಮುಗಿದುಹೋದದ್ದನ್ನೆಲ್ಲ ಮತ್ತೆ ತೆಗೆಯುತ್ತಿದ್ದಾರಲ್ಲ, ಒಳ್ಳೇದಾ ಕೆಟ್ಟದ್ದಾ ಅಂತ ಕೇಳಿದ್ದೀರಿ. ಯಾವ ಹೋಟೆಲಿನ ಬೆಣ್ಣೆ ದೋಸೆ ಚೆನ್ನಾಗಿದೆ ಅನ್ನೋದು ಬಿಟ್ಟರೆ ನಮ್ಮ ಕಡೆಯವರು ಇಷ್ಟು ಜಗಳ ಆಡುವ ವಿಷಯ ಇನ್ನೊಂದಿದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಪ್ರಶ್ನೆ: ಅಕ್ಕಾ, ನಮ್ಮ ಅತ್ತೆಗೆ ಪಾಪ ಪಾಂಡು ಅಂದ್ರೆ ಪ್ರಾಣ. ಈಟಿವಿಯಲ್ಲಿ ಬರುವಾಗ ಒಂದು ದಿನ ಬಿಟ್ಟವರಲ್ಲ. ಅದು ಹೊಸದಾಗಿ ಶುರುವಾದಾಗ ನಾಲ್ಕು ದಿನ ನೋಡಿ, 'ಯಾಕೋ ಮೊದಲಿನ ಹಂಗಿಲ್ಲ ಬಿಡು' ಅಂತ ಎದ್ದು ಹೋದರು. ಈಗ ಮೊಬೈಲಲ್ಲಿ ಹಳೇ ತುಣುಕು ತೋರಿಸಿದರೆ ಹೊಟ್ಟೆ ಹಿಡ್ಕೊಂಡು ನಗ್ತಾರೆ. ಹಂಗಾದ್ರೆ ಮತ್ತೆ ತೆಗೆಯೋದು ಯಾಕೆ? – ಓದುಗಿ, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಯಾಕೆ ತೆಗೆಯುತ್ತಾರೆ ಅನ್ನೋದು ಸುಲಭ ತಂಗಿ. ಹೊಸ ಹೆಸರನ್ನು ಜನರ ಬಾಯಿಗೆ ತರೋಕೆ ಚಾನೆಲ್‌ನವರು ವಾರಗಟ್ಟಲೆ ಪ್ರೋಮೊ ಹಾಕಬೇಕು, ಅಷ್ಟಾದ ಮೇಲೂ ನೋಡ್ತಾರೋ ಇಲ್ವೋ ಹೇಳೋಕಾಗಲ್ಲ. ಪಾಪ ಪಾಂಡು ಅಂದರೆ ಸಾಕು, ಹೆಂಡತಿ ಕೈಲಿ ಒದೆ ತಿನ್ನುವ ಗಂಡ ಕಣ್ಣ ಮುಂದೆ ಬಂದು ನಿಲ್ಲುತ್ತಾನೆ. 2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ಅದು ಮತ್ತೆ ಬಂದಾಗ ಗಂಡ-ಹೆಂಡತಿ ಪಾತ್ರ ಮಾಡಿದ್ದ ಚಿದಾನಂದ್, ಶಾಲಿನಿ ಜೋಡಿಯನ್ನೇ ಕರೆತಂದದ್ದು ಅದಕ್ಕೇ. ಅರ್ಧ ಪ್ರಚಾರ ಪುಕ್ಕಟೆ.

ನಗು ಯಾಕೆ ಮೊದಲಿನಷ್ಟು ಬರಲಿಲ್ಲ ಅನ್ನೋದೇ ನನಗೆ ಜಾಸ್ತಿ ಕುತೂಹಲ. ಸಿಟ್‌ಕಾಮ್ ಅಂದರೆ ಒಂದೇ ಮನೆ, ಅದೇ ನಾಲ್ಕೈದು ಜನ, ದಿನಕ್ಕೊಂದು ಫಜೀತಿ. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದೆ ಇದ್ದರೆ ತಾನೇ ಫಜೀತಿ? ಮಾವ ಊರಿಂದ ಹೊರಟಿದ್ದಾನೆ, ಅಳಿಯನಿಗೆ ಗೊತ್ತಿಲ್ಲ. ಲ್ಯಾಂಡ್‌ಲೈನಿಗೆ ಬಂದ ಫೋನನ್ನು ಪಕ್ಕದ ಮನೆಯವನು ಎತ್ತಿ ಏನೋ ಕೇಳಿಸಿಕೊಂಡು ಇನ್ನೇನೋ ಹೇಳಿದ. ಅಲ್ಲಿಗೆ ಅರ್ಧ ಗಂಟೆಯ ಕತೆ ರೆಡಿ. ಈಗ ಮಾವ ಹರಿಹರ ದಾಟುವಷ್ಟರಲ್ಲೇ ಫ್ಯಾಮಿಲಿ ಗ್ರೂಪಿಗೆ ಲೊಕೇಷನ್ ಹಾಕಿರುತ್ತಾನೆ, ಅದರ ಕೆಳಗೆ ಹನ್ನೊಂದು ಜನ ಕೈ ಮುಗಿದಿರುತ್ತಾರೆ. ಹಳೇ ಪಾತ್ರಗಳ ಜೇಬಿಗೆ ಮೊಬೈಲ್ ಹಾಕಿದರೆ ಗೊಂದಲ ಸಾಯುತ್ತದೆ, ಹಾಕದೆ ಇದ್ದರೆ ಇವರು ಯಾವ ಕಾಲದವರಪ್ಪಾ ಅನ್ನಿಸುತ್ತದೆ. ಬರೆಯುವವರು ಒದ್ದಾಡುವುದು ಇಲ್ಲೇ.

ನಮ್ಮ ದಾವಣಗೆರೆಯವರಿಗೆ ಇದರ ಮದ್ದು ಮೊದಲೇ ಗೊತ್ತಿತ್ತು. ರಂಗನಟಿ ಚಿಂದೋಡಿ ಲೀಲಾ ಅವರ ಊರು ಇದು, ಕಂಪನಿ ನಾಟಕ ನೋಡಿಯೇ ಬೆಳೆದ ಊರು. ಕಂಪನಿಯವರು ಒಂದೇ ನಾಟಕವನ್ನು ವರ್ಷಗಟ್ಟಲೆ ಆಡುತ್ತಾರೆ. ಕತೆ ಬದಲಾಗಲ್ಲ, ಹೆಸರು ಬದಲಾಗಲ್ಲ, ಆದರೆ ಹಾಸ್ಯಪಾತ್ರದವನ ಮಾತು ಊರಿಂದ ಊರಿಗೆ ಬದಲಾಗುತ್ತದೆ. ಕ್ಯಾಂಪ್ ಹಾಕಿದ ದಿನವೇ ಚಹಾ ಅಂಗಡಿಯಲ್ಲಿ ಕೂತು ಊರಿನ ಸುದ್ದಿ ಕೇಳಿಕೊಂಡು, ರಾತ್ರಿ ಅದನ್ನೇ ಸ್ಟೇಜಿನ ಮೇಲೆ ಬಿಡುತ್ತಾನೆ. ದಾವಣಗೆರೆಯಲ್ಲಿ ಆಡಿದರೆ ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟು ಒಂದು ಸಲವಾದರೂ ಬರಲೇಬೇಕು, ಇಲ್ಲದಿದ್ದರೆ ಸಿಳ್ಳೆ ಬೀಳಲ್ಲ. ಟಿವಿಯವರು ಹಳೇ ಮನೆ ಕಟ್ಟಿ ಹಳೇ ಜೋಕನ್ನೂ ಒಳಗೆ ತಂದಿಡುತ್ತಾರೆ. ಮನೆ ಹಳೇದಿರಲಿ, ಮಾತು ಮಾತ್ರ ಇವತ್ತಿನದಾಗಿರಬೇಕು.

ಇನ್ನು ಹಳೇ ತುಣುಕು ನೋಡಿ ಅತ್ತೆ ನಗೋದು ಬೇರೆ ಲೆಕ್ಕ. ಆಗ ಪಕ್ಕದಲ್ಲಿ ಕೂತು ನೋಡುತ್ತಿದ್ದವರು ಯಾರ್ಯಾರು ಅಂತ ಒಂದು ಸಲ ಕೇಳಿ ನೋಡಿ. ಸಾರಿಗೆ ಒಗ್ಗರಣೆ ಹಾಕಿ ಓಡಿ ಬರುತ್ತಿದ್ದದ್ದು, ಜಾಹೀರಾತು ಬಂದಾಗ ಮತ್ತೆ ಒಳಗೆ ಓಡುತ್ತಿದ್ದದ್ದು, ಎಲ್ಲ ಹೇಳ್ತಾರೆ.

ಪ್ರಶ್ನೆ: ಇಂಗ್ಲಿಷ್ ಕಾಮಿಡಿಗಳಲ್ಲಿ ಜನ ನಗುವ ಸದ್ದು ಬರುತ್ತಲ್ಲ, ಅದು ಸುಳ್ಳಾ? – ಓದುಗ, ಹಿರಿಯೂರು

ಉತ್ತರ: ಕೆಲವು ನಿಜ, ಕೆಲವು ಸುಳ್ಳು. 1951ರಲ್ಲಿ ಶುರುವಾದ 'ಐ ಲವ್ ಲೂಸಿ'ಯನ್ನು ಸ್ಟುಡಿಯೊದಲ್ಲಿ ಜನರನ್ನು ಕೂರಿಸಿಕೊಂಡೇ, ಒಂದಕ್ಕಿಂತ ಹೆಚ್ಚು ಕ್ಯಾಮೆರಾ ಇಟ್ಟು ತೆಗೆದರು. ಜನರಿಲ್ಲದ ಕಡೆ ತುಂಬೋಕೆ ಚಾರ್ಲ್ಸ್ ಡಗ್ಲಾಸ್ ಎಂಬ ಸೌಂಡ್ ಎಂಜಿನಿಯರ್ ನಗುವಿನ ಮೆಷಿನ್ನೇ ಮಾಡಿಬಿಟ್ಟ. ಗುಂಡಿ ಒತ್ತಿದರೆ ಕಿಸಕ್, ಇನ್ನೊಂದು ಒತ್ತಿದರೆ ಗೊಳ್. ನನಗಂತೂ ಅದು ಕಿರಿಕಿರಿ. ಜೋಕು ಚೆನ್ನಾಗಿದ್ದರೆ ನಾನೇ ನಗ್ತೀನಲ್ಲ, ನೀವ್ಯಾಕೆ ಕಷ್ಟಪಡ್ತೀರಿ?

ಪ್ರಶ್ನೆ: ಮೇಡಂ, ಹಾಸ್ಟೆಲಲ್ಲಿ ನಾವು ಅಮೆರಿಕದ ಕಾಮಿಡಿ ಸೀರಿಯಲ್ ಫ್ರೆಂಡ್ಸ್ ನೋಡಿ ಮುಗಿಸಿ ಈಗ ಮೂರನೇ ಸುತ್ತಿನಲ್ಲಿದ್ದೀವಿ. ಅದನ್ನೂ ಯಾಕೆ ಮುಂದುವರಿಸಲಿಲ್ಲ? ಬೇರೆಯವರೆಲ್ಲ ವಾಪಸ್ ಬಂದ್ರಲ್ವಾ? – ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಮೂರನೇ ಸುತ್ತಾ! ಪರೀಕ್ಷೆ ಯಾವಾಗ ಅಂತ ಕೇಳಲ್ಲ ಬಿಡಿ.

ಫ್ರೆಂಡ್ಸ್‌ನವರು ಜಾಣತನ ಮಾಡಿದರು ಅಂತ ನನ್ನ ಅನಿಸಿಕೆ. 1994ರಿಂದ 2004ರವರೆಗೆ 236 ಎಪಿಸೋಡ್ ಮಾಡಿ ಮುಗಿಸಿದ್ದರು. 2021ರ ಮೇನಲ್ಲಿ ಮುಖ್ಯ ಪಾತ್ರ ಮಾಡಿದ್ದ ಆರೂ ಜನ ಮತ್ತೆ ಸೇರಿದಾಗ ಹೊಸ ಕತೆ ಅಂತ ಹೆಣೆಯಲೇ ಇಲ್ಲ. ಹಳೇ ಸೆಟ್ಟನ್ನು ಮತ್ತೆ ಹಾಕಿಸಿ, ಅದರಲ್ಲಿ ಪಾತ್ರಗಳಾಗಿ ಅಲ್ಲ, ತಾವು ತಾವಾಗಿಯೇ ಕೂತು, ಮಾತಾಡಿ, ಅತ್ತು ಹೋದರು. ಮದುವೆ ಮನೆಯಲ್ಲಿ ಹಳೇ ಕಾಲೇಜಿನವರು ಸಿಕ್ಕ ಹಾಗೆ. ಮರುದಿನವೂ ಸಿಕ್ಕರೆ ಮಾತಾಡೋಕೆ ಏನೂ ಇರಲ್ಲ.

ವಾಪಸ್ ಬಂದವರ ಕತೆ ಕೇಳಿ. ಅಮೆರಿಕದ್ದೇ ಹಳೇ ಸೀರಿಯಲ್ 'ರೋಸಾನ್' 2018ರ ಮಾರ್ಚ್‌ನಲ್ಲಿ ಭರ್ಜರಿಯಾಗಿ ಮತ್ತೆ ಬಂತು, ಮೇ ತಿಂಗಳಲ್ಲಿ ಮುಖ್ಯ ನಟಿ ರೋಸಾನ್ ಬಾರ್ ಜನಾಂಗ ನಿಂದನೆಯ ಟ್ವೀಟ್ ಹಾಕಿ ಕೂತರು, ಚಾನೆಲ್ ಅವತ್ತೇ ಸೀರಿಯಲ್ ನಿಲ್ಲಿಸಿತು. ಆಮೇಲೆ ಆ ಪಾತ್ರವನ್ನು ಸಾಯಿಸಿ, ಉಳಿದವರನ್ನಿಟ್ಟುಕೊಂಡು ಅಕ್ಟೋಬರ್‌ನಲ್ಲಿ 'ದ ಕಾನರ್ಸ್' ಅಂತ ಹೊಸ ಹೆಸರಲ್ಲಿ ಶುರು ಮಾಡಿದರೆ ಅದು 2025ರವರೆಗೆ ನಡೀತು. ಯಜಮಾನಿಯೇ ಇಲ್ಲದ ಮನೆ ನಡೆದದ್ದು ನೋಡಿ!

ನನಗೆ ಇಷ್ಟವಾದದ್ದು 'ಫ್ರೇಸಿಯರ್'. ಮೊದಲ ಸಲ, 1993ರಲ್ಲಿ, ನಿವೃತ್ತ ಪೊಲೀಸ್ ಅಪ್ಪ ಬಂದು ಓದಿಕೊಂಡ ಮಗನ ಮನೆ ಸೇರುತ್ತಾನೆ. ಮಗನಿಗೆ ನಾಜೂಕು, ಅಪ್ಪನಿಗೆ ತನ್ನ ಹರಕಲು ಕುರ್ಚಿ. ಅಪ್ಪನ ಪಾತ್ರ ಮಾಡಿದ ಜಾನ್ ಮಹೋನಿ 2018ರಲ್ಲಿ ತೀರಿಕೊಂಡರು. 2023ರಲ್ಲಿ ಮತ್ತೆ ಮಾಡುವಾಗ ಏನು ಮಾಡಿದರು ಅಂದರೆ, ಮಗನಾಗಿದ್ದವನನ್ನೇ ಅಪ್ಪನ ಜಾಗದಲ್ಲಿ ಕೂರಿಸಿ, ಅವನ ಮಗನನ್ನು ಅಗ್ನಿಶಾಮಕ ದಳದವನನ್ನಾಗಿ ಮಾಡಿದರು. ಅಪ್ಪ-ಮಗನ ಕಿತ್ತಾಟ ಹಾಗೇ ಉಳೀತು, ತಕ್ಕಡಿ ಮಾತ್ರ ತಿರುಗಿತು. ಎರಡೇ ಸೀಸನ್‌ಗೆ ನಿಂತುಹೋಯಿತು, ಅದು ಬೇಜಾರು. ಯೋಚನೆ ಮಾತ್ರ ಅಚ್ಚುಕಟ್ಟಾಗಿತ್ತು.

ಪ್ರಶ್ನೆ: ಹಿಂದಿಯಲ್ಲಿ 'ಸಾರಾಭಾಯ್ ವರ್ಸಸ್ ಸಾರಾಭಾಯ್' ಸೀರಿಯಲ್ ಕೂಡ ಮತ್ತೆ ಬಂತಂತೆ, ನೋಡಬಹುದಾ? – ಓದುಗ, ವಿದ್ಯಾನಗರ, ದಾವಣಗೆರೆ

ಉತ್ತರ: ಬಂದು ಹೋಯಿತು, 2017ರಲ್ಲಿ, ಹಾಟ್‌ಸ್ಟಾರ್‌ನಲ್ಲಿ. ಅದೇ ಅತ್ತೆ, ಅದೇ ಸೊಸೆ. ಆದರೂ ಮೊದಲು 2004-06ರದ್ದನ್ನು ನೋಡಿ. ಅತ್ತೆ ನಗುನಗುತ್ತಾ ಸೊಸೆಯನ್ನು ಹೇಗೆ ಕೊಯ್ಯುತ್ತಾಳೆ ಅನ್ನೋದು ಅಲ್ಲಿದೆ. ಮನೆಯವರೆಲ್ಲ ಒಟ್ಟಿಗೆ ಕೂತು ನೋಡುವಾಗ ಮಾತ್ರ ಯಾರು ಯಾರ ಮುಖ ನೋಡುತ್ತಾರೆ ಅಂತ ಸ್ವಲ್ಪ ಗಮನಿಸಿ.

ಪ್ರಶ್ನೆ: ಮಾನ್ಯರೇ, ಮಗ 43 ಇಂಚಿನ ಟಿವಿ ತಂದುಕೊಟ್ಟಿದ್ದಾನೆ. ಅದರಲ್ಲಿ ಹಳೇ ಸೀರಿಯಲ್ ಹಾಕಿದರೆ ಎಲ್ಲರೂ ಗಿಡ್ಡಗೆ, ದಪ್ಪಗೆ, ಉಬ್ಬಿದ ಪೂರಿ ಹಾಗೆ ಕಾಣುತ್ತಾರೆ. ಚಿತ್ರವೂ ಮಸುಕು. ಫ್ರೆಂಡ್ಸ್ ಅಂತ ಮೊಮ್ಮಗಳು ಹಾಕುವುದೂ ಹಳೆಯದೇ, ಅದು ಮಾತ್ರ ಕನ್ನಡಿ ಹಾಗಿದೆ. ಇದ್ಯಾವ ನ್ಯಾಯ? – ನಿವೃತ್ತ ಶಿಕ್ಷಕರು, ಹೊಳಲ್ಕೆರೆ

ಉತ್ತರ: ಮೇಷ್ಟ್ರೇ, ನಮಸ್ಕಾರ. ಫ್ರೆಂಡ್ಸ್ ತೆಗೆದದ್ದು ಸಿನಿಮಾ ತೆಗೆಯುವ 35 ಎಂಎಂ ಫಿಲ್ಮಿನಲ್ಲಿ. ಫಿಲ್ಮನ್ನು ಮತ್ತೆ ಸ್ಕ್ಯಾನ್ ಮಾಡಿದರೆ ಈಗಿನ ಟಿವಿಗೆ ಬೇಕಾದಷ್ಟು ವಿವರ ಸಿಗುತ್ತದೆ. ನಮ್ಮ ದಿನದ ಸೀರಿಯಲ್‌ಗಳನ್ನು ತೆಗೆದದ್ದು ವಿಡಿಯೊ ಟೇಪಿನಲ್ಲಿ, ಅದರಲ್ಲಿ ಇರುವುದೇ ಅಷ್ಟು. ಎಷ್ಟು ಉಜ್ಜಿದರೂ ಇಲ್ಲದ್ದು ಬರಲ್ಲ.

ದಪ್ಪಗೆ ಕಾಣೋದಕ್ಕೆ ಮಾತ್ರ ಪರಿಹಾರ ಇದೆ. ಆಗಿನ ಟಿವಿಯ ಅಳತೆ ಅಗಲ 4 ಇದ್ದರೆ ಎತ್ತರ 3. ಈಗಿನದು 16ಕ್ಕೆ 9. ನಿಮ್ಮ ಟಿವಿ ಆ ಚಿಕ್ಕ ಚಿತ್ರವನ್ನು ಎರಡೂ ಕಡೆ ಹಿಡಿದು ಎಳೆಯುತ್ತಿದೆ. ರಿಮೋಟಿನಲ್ಲಿ ಸೆಟ್ಟಿಂಗ್ಸ್ ಒತ್ತಿ, ಪಿಕ್ಚರ್ ಸೈಜ್ ಅಂತಲೋ ಆಸ್ಪೆಕ್ಟ್ ರೇಷಿಯೊ ಅಂತಲೋ ಇರುತ್ತದೆ, ಅಲ್ಲಿ 4:3 ಇಡಿ. ಮೊಮ್ಮಗಳು ನೋಡುವಾಗ ಮತ್ತೆ 16:9ಕ್ಕೆ ತನ್ನಿ, ಇಲ್ಲದಿದ್ದರೆ ಅವಳ ಫ್ರೆಂಡ್ಸ್ ಎಲ್ಲ ಬಡಕಲಾಗುತ್ತಾರೆ. ನೀವು ನೋಡುವಾಗ ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತದೆ. ಟಿವಿ ಕೆಟ್ಟಿದೆ ಅಂತ ಮೆಕ್ಯಾನಿಕ್‌ನ ಕರೆಸಬೇಡಿ.