ವಾಕಿಂಗ್ ಮಾಡಿದರೂ ರಾತ್ರಿ ಎರಡಕ್ಕೇ ಎಚ್ಚರ

ಪ್ರಶ್ನೆ: ನನಗೆ 54 ವರ್ಷ. ಮುಟ್ಟು ನಿಂತು ಮೂರು ವರ್ಷವಾಯಿತು. ರಾತ್ರಿ ಎರಡು ಗಂಟೆಗೆಲ್ಲ ಮೈ ಕಾದು, ಬೆವತು ಎಚ್ಚರವಾಗುತ್ತದೆ. ಮತ್ತೆ ನಿದ್ದೆ ಹತ್ತುವಾಗ ನಾಲ್ಕೂವರೆ. ದಿನಾ ಬೆಳಿಗ್ಗೆ ಗೆಳತಿಯರ ಜೊತೆ ಪಾರ್ಕಿನಲ್ಲಿ 40 ನಿಮಿಷ ಸುತ್ತುತ್ತೇನೆ. ಆದರೂ ಯಾಕೆ ಹೀಗೆ? ನಿದ್ದೆ ಮಾತ್ರೆ ತೆಗೆದುಕೊಳ್ಳಲೇ?
– ಹೆಸರು ಬೇಡ, ರಾಜಾಜಿನಗರ

ಉತ್ತರ: ಮಾತ್ರೆಯ ವಿಚಾರ ಆಮೇಲೆ. ಮೊದಲು ಆ 40 ನಿಮಿಷ ನೋಡೋಣ. ನಡೆಯುತ್ತಲೇ ಮನೆಯ ಸುದ್ದಿಯೆಲ್ಲ ಸರಾಗವಾಗಿ ಹೇಳಿ ಮುಗಿಸುತ್ತೀರೆಂದರೆ ಅದು ಬರೀ ಅಡ್ಡಾಟ. ಬಿರುಸು ನಡಿಗೆಯಲ್ಲಿ ಒಂದೊಂದು ವಾಕ್ಯ ಆಡಬಹುದು, ಹಾಡು ಹೇಳಲು ಉಸಿರು ಸಾಲದು. ನಾಡಿ ಹಿಡಿದು 15 ಸೆಕೆಂಡ್ ಎಣಿಸಿ: ನಿಮ್ಮ ವಯಸ್ಸಿಗೆ 27ರಿಂದ 31 ಬಡಿತ ಬರಬೇಕು. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ನುಂಗುತ್ತಿದ್ದರೆ ನಾಡಿ ಅಷ್ಟು ಏರುವುದಿಲ್ಲ. ಆಗ ಉಸಿರಿನ ಲೆಕ್ಕವೇ ಸಾಕು.

ಮೊದಲ 5 ನಿಮಿಷ ನಿಧಾನ. ನಂತರ 3 ನಿಮಿಷ ಬಿರುಸು, 2 ನಿಮಿಷ ನಿಧಾನ, ಹೀಗೆ ಆರು ಸುತ್ತು. ವಾರ ವಾರ ನಿಧಾನದ ಪಾಲು ಕಡಿಮೆ ಮಾಡುತ್ತಾ ಸತತ 30 ನಿಮಿಷದ ಬಿರುಸಿಗೆ ಬನ್ನಿ. ವಾರಕ್ಕೆ ಐದು ದಿನವಾದರೆ 150 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠವೂ ಅಷ್ಟೇ. ವಾರವೆಲ್ಲ ಬಿಟ್ಟು ಭಾನುವಾರ ಲಾಲ್‌ಬಾಗ್‌ನಲ್ಲಿ ಎರಡು ಗಂಟೆ ನಡೆದರೆ ಕಾಲು ನೋಯುತ್ತದೆಯೇ ಹೊರತು ನಿದ್ದೆ ಸುಧಾರಿಸದು. ಹತ್ತು ದಿನಕ್ಕೆ ಬೇಸರಪಟ್ಟು ಕೈಬಿಡಬೇಡಿ, ಮೂರು ತಿಂಗಳು ಕೊಡಿ.

ಒಂದನ್ನು ನೇರವಾಗಿ ಹೇಳಬೇಕು. ಬಿರುಸು ನಡಿಗೆಯಂಥ ಏರೋಬಿಕ್ ವ್ಯಾಯಾಮದಿಂದ ನಿದ್ದೆಯ ಗುಣ ಸುಧಾರಿಸುವುದು ಅಧ್ಯಯನಗಳಲ್ಲಿ ಕಂಡಿದೆ. ಮೈ ಬಿಸಿಯೇರುವುದು ನಿಂತೇಬಿಡುತ್ತದೆ ಎನ್ನಲಾಗದು. ಈಸ್ಟ್ರೊಜನ್ ಹಾರ್ಮೋನ್ ಇಳಿದ ಮೇಲೆ ಮಿದುಳಿನ ತಾಪ ನಿಯಂತ್ರಣ ಕೇಂದ್ರ ಚೂರು ಬಿಸಿಯನ್ನೂ ತಾಳದೆ ಬೆವರಿಳಿಸುತ್ತದೆ. ದಪ್ಪ ರಗ್ಗಿನ ಬದಲು ಎರಡು ತೆಳು ಹತ್ತಿ ಹೊದಿಕೆ ಇರಲಿ, ಒಂದನ್ನು ಒದ್ದು ಸರಿಸಲು ಸುಲಭ. ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚುವ ಬದಲು ಜಾಲರಿ ಹಾಕಿಸಿ. ಸಂಜೆ ಐದರ ಗಟ್ಟಿ ಡಿಕಾಕ್ಷನ್ ಕಾಫಿಯ ಕೆಫೀನ್ ರಾತ್ರಿ ಹತ್ತಕ್ಕೂ ಸುಮಾರು ಅರ್ಧ ಮೈಯಲ್ಲೇ ಇರುತ್ತದೆ. ಕೊನೆಯ ಲೋಟ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಮುಗಿಯಲಿ. ಎಚ್ಚರವಾಗಿ ಸುಮಾರು 20 ನಿಮಿಷವಾಯಿತು ಅನಿಸಿದರೆ ಹೊರಳಾಡದೆ ಎದ್ದು, ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದಾಗ ಹಾಸಿಗೆಗೆ ಹೋಗಿ. ಮೊಬೈಲ್ ಮುಟ್ಟಬೇಡಿ.

ಮಾತ್ರೆಯನ್ನು ನೀವಾಗಿಯೇ ಶುರು ಮಾಡಬೇಡಿ: ಅಭ್ಯಾಸವಾಗುತ್ತದೆ, ರಾತ್ರಿ ಬಾತ್‌ರೂಮಿಗೆ ಹೋಗುವಾಗ ಜೋಲಿ ತಪ್ಪಿ ಬೀಳುವವರಿದ್ದಾರೆ. ಬೆವರು ತಡೆಯಲಾಗದಷ್ಟಿದ್ದರೆ ಹಾರ್ಮೋನ್ ಚಿಕಿತ್ಸೆ ನಿಮಗೆ ಹೊಂದುತ್ತದೆಯೇ ಎಂದು ಸ್ತ್ರೀರೋಗ ತಜ್ಞರನ್ನು ಕೇಳಿ. ಜೋರು ಗೊರಕೆ, ಉಸಿರು ಕಟ್ಟಿ ಏಳುವುದು, ಹಗಲು ಕೂತಲ್ಲೇ ತೂಕಡಿಕೆ ಇದ್ದರೆ ಅದು ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾ ಇರಬಹುದು. ಮುಟ್ಟು ನಿಂತ ಮೇಲೆ ಅದು ಹೆಚ್ಚು, ಗೊರಕೆ ಗಂಡಸರ ಕಾಯಿಲೆ ಎಂದು ಹೆಂಗಸರು ಪರೀಕ್ಷೆಗೇ ಹೋಗುವುದಿಲ್ಲ.

ಪ್ರಶ್ನೆ: ವಯಸ್ಸು 58, ಮಂಡಿ ನೋವು. ಶುಗರ್‌ಗೆ ಗ್ಲಿಮೆಪಿರೈಡ್ ಮಾತ್ರೆ ಇದೆ. ರಾತ್ರಿ ಎಂಟಕ್ಕೆ ಮನೆಯಲ್ಲೇ ಸೈಕಲ್ ತುಳಿಯಬಹುದೇ?
– ಓದುಗರು, ಮಲ್ಲೇಶ್ವರ

ಉತ್ತರ: ಧಾರಾಳವಾಗಿ. ಹತ್ತಕ್ಕೆ ಮಲಗುವವರಾದರೆ ಒಂಬತ್ತರೊಳಗೆ ನಿಲ್ಲಿಸಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಮಂಡಿ ತುಸುವೇ ಬಾಗಿರುವಷ್ಟು ಸೀಟು ಎತ್ತರಿಸಿ. ತಗ್ಗಾದರೆ ಮಂಡಿಚಿಪ್ಪಿನ ಮೇಲೆ ಒತ್ತಡ ಬಿದ್ದು ನೋವು ಹೆಚ್ಚುತ್ತದೆ. ಆದರೆ ನಿಮ್ಮ ಮಾತ್ರೆಯ ಜೊತೆ ರಾತ್ರಿ ವ್ಯಾಯಾಮ ಸೇರಿದರೆ ನಿದ್ದೆಯಲ್ಲಿ ಶುಗರ್ ಇಳಿಯಬಹುದು. ಆಗಲೂ ಬೆವರುತ್ತದೆ, ಅದನ್ನು ಮುಟ್ಟು ನಿಂತವರ ಬೆವರೆಂದು ತಪ್ಪು ತಿಳಿಯುವುದು ಅಪಾಯ. ಬೆವರಿನ ಜೊತೆ ಕೈ ನಡುಕ, ಹಸಿವು, ಎದೆ ಡವಡವ ಇದ್ದರೆ ತಕ್ಷಣ ಗ್ಲುಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕಡಿಮೆಯಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಬೆಳಿಗ್ಗೆಯೇ ಡಾಕ್ಟರಿಗೆ ತಿಳಿಸಿ, ಮಾತ್ರೆಯ ಪ್ರಮಾಣ ಬದಲಿಸಬೇಕಾಗಬಹುದು.