ಪಾರ್ಕಿನ ಹಳೇ ಬಂಗಲೆಗೆ ಮತ್ತೆ ಸಿಮೆಂಟ್ ಬೇಡ

ನಮಸ್ಕಾರ ಸರ್. ಬಳ್ಳಾರಿಯ ಪಾರ್ಕಿನೊಳಗಿರುವ ಬ್ರಿಟಿಷರ ಕಾಲದ ಇಟ್ಟಿಗೆ ಬಂಗಲೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿದ ಮೇಲೂ ಅದು ಯಾಕೆ ಉದುರುತ್ತಿದೆ ಎಂದು ಕೇಳಿದ್ದೀರಿ. ಕಾರಣ ಸಿಮೆಂಟೇ.

ಬಳ್ಳಾರಿ ಸೀಮೆ ನಿಜಾಮರಿಂದ ಬ್ರಿಟಿಷರ ಕೈಗೆ ಬಂದಿದ್ದು 1800ರಲ್ಲಿ. ಥಾಮಸ್ ಮನ್ರೋ ಇಲ್ಲಿ ಕಲೆಕ್ಟರ್ ಆಗಿದ್ದಾಗ ಈಗಿನ ಸಿಮೆಂಟ್ ಇರಲೇ ಇಲ್ಲ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ಆಮೇಲೂ ಬಹಳ ಕಾಲ ಸುಣ್ಣದ ಗಾರೆಯಲ್ಲೇ ಕಟ್ಟುತ್ತಿದ್ದರು. ಗಾರೆ ಗೋಡೆಯ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ತಡೆಯುತ್ತದೆ. ಒಳಗೇ ಉಳಿದ ನೀರು, ಉಪ್ಪು ಸೇರಿ ಪ್ಲಾಸ್ಟರನ್ನು ತಳ್ಳುತ್ತವೆ. ಜೊತೆಗೆ ಇಟ್ಟಿಗೆಯೂ ಪುಡಿಯಾಗುತ್ತದೆ. ನನಗೆ ಸಂಕಟ ಆಗುವುದು ಇದಕ್ಕೇ. ಪ್ಲಾಸ್ಟರ್ ಮತ್ತೆ ಮಾಡಿಸಬಹುದು, ಆ ಕಾಲದ ಇಟ್ಟಿಗೆ ಮತ್ತೆ ಬರುವುದಿಲ್ಲ ಅಲ್ವಾ?

ಗೋಡೆಯ ಬುಡಕ್ಕೇ ಹೂವಿನ ಪಾತಿ ಇದ್ದರೆ ಮೊದಲು ಅದನ್ನು ದೂರ ಸರಿಸಿ. ದಿನಾ ಹಾಕುವ ನೀರು ಗೋಡೆಗೆ ಏರುತ್ತದೆ. ಸಿಮೆಂಟನ್ನು ಉಳಿಯಿಂದ ನಿಧಾನವಾಗಿ ಬಿಡಿಸಿ, ಒಂದು ಬೇಸಿಗೆ ಒಣಗಲು ಬಿಡಿ. ಆಮೇಲೆ ಸುಣ್ಣ, ಮರಳಿನ ಗಾರೆಯನ್ನು ತೆಳುವಾಗಿ ಪದರ ಪದರ ಹಚ್ಚಿಸಿ. ಬೆಲ್ಲ, ಅಳಲೆಕಾಯಿ ನೀರು ಬೆರೆಸಿ ಗಾರೆ ಮಾಡಬಲ್ಲ ಮೇಸ್ತ್ರಿ ಸಿಕ್ಕರೆ ಬಿಡಲೇಬೇಡಿ. ನಮ್ಮ ಬಿಸಿಲಿಗೆ ಗಾರೆ ಬೇಗ ಬಿರಿಯುತ್ತದೆ, ಒದ್ದೆ ಗೋಣಿಚೀಲ ಇಳಿಬಿಡಿ. ಕೊನೆಗೆ ಸುಣ್ಣವನ್ನೇ ಬಳಿಸಿ, ಪ್ಲಾಸ್ಟಿಕ್ ಪೇಂಟ್ ಬೇಡ.