ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿ ಬೆಟ್ಟ ಹತ್ತಿ ನೋಡುವಂಥ ಜಲಪಾತ ಇದೆಯೇ?

ನೀವು ಕೇಳಿರುವುದು ಇಷ್ಟು: ಮೈಸೂರಿಗೆ ಹೊಸದಾಗಿ ಬಂದಿದ್ದೀರಿ, ಹನ್ನೆರಡು ವರ್ಷದ ಮಗನನ್ನು ಕರೆದುಕೊಂಡು ಭಾನುವಾರ ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಮನೆ ಸೇರಬೇಕು, ಬೆಟ್ಟ ಕಾಡುಗಳ ನಡುವೆ ನಡೆದೇ ತಲುಪುವಂಥ, ಜನಜಂಗುಳಿ ಇಲ್ಲದ ಜಲಪಾತ ಈ ಎರಡು ಜಿಲ್ಲೆಗಳಲ್ಲಿ ಯಾವುದಿದೆ?

ಹೆಸರು ಹೇಳಿ ಕಳುಹಿಸುವಂಥದ್ದು ಇಲ್ಲ. ಇದೆ ಎಂದು ವಿಡಿಯೊ ಮಾಡಿ ಹಾಕುವವರಿಗೇನೂ ಬರವಿಲ್ಲ. ಅವರು ತೋರಿಸುವ ‘ಯಾರಿಗೂ ಗೊತ್ತಿಲ್ಲದ ಜಲಪಾತ’ ಎಷ್ಟೋ ಸಲ ಕೋಡಿ ಬಿದ್ದ ಕೆರೆಯಾಗಿರುತ್ತದೆ, ಇಲ್ಲವೇ ನಾಲೆಯ ನೀರು ಕೆಳಗಿನ ಮಟ್ಟಕ್ಕೆ ಧುಮುಕಲೆಂದು ಕಟ್ಟಿದ ಕಲ್ಲುಕಟ್ಟಡವಾಗಿರುತ್ತದೆ. ಕೆರೆಯ ಕೋಡಿ ನೋಡಲು ಚೆನ್ನ, ಹೋಗಿ ಬನ್ನಿ. ನಾಲೆಗೆ ಮಾತ್ರ ಮಗನನ್ನು ಇಳಿಸಬೇಡಿ. ಪಾಚಿ ಹಿಡಿದ ಇಳಿಜಾರು ಗೋಡೆಯಲ್ಲಿ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ, ಈಜು ಬಲ್ಲವರನ್ನೂ ಸೆಳವು ಎಳೆದುಕೊಂಡು ಹೋಗುತ್ತದೆ.

ಇಲ್ಲಿ ಬೆಟ್ಟದ ಜಲಪಾತ ಇಲ್ಲದಿರಲು ಕಾರಣ ಸರಳ. ಬೆಟ್ಟದಿಂದ ತಿಂಗಳುಗಟ್ಟಲೆ ನೀರು ಬೀಳಬೇಕಾದರೆ ಮೇಲೆ ದಟ್ಟ ಕಾಡಿರಬೇಕು, ನೀರು ಹೀರಿ ನಿಧಾನವಾಗಿ ಬಿಡುವ ಮಣ್ಣಿರಬೇಕು, ದಿನಗಟ್ಟಲೆ ಹಿಡಿದು ಹೊಯ್ಯುವ ಮಳೆ ಇರಬೇಕು. ಪಾಂಡವಪುರದ ಕುಂತಿಬೆಟ್ಟ, ಶ್ರೀರಂಗಪಟ್ಟಣದ ಕರಿಘಟ್ಟ ಇವೆಲ್ಲ ಬಯಲುಸೀಮೆಯ ಬೆಟ್ಟಗಳು. ಮಂಡ್ಯದಲ್ಲಿ ವರ್ಷಕ್ಕೆ ಬೀಳುವ ಮಳೆಯೇ ಸುಮಾರು 700 ಮಿಲಿಮೀಟರ್. ಅದು ಬಂಡೆಯ ಮೇಲೆ ಬಿದ್ದಷ್ಟೇ ಬೇಗ ಜಾರಿ ಹೋಗುತ್ತದೆ. ನಮ್ಮ ದೊಡ್ಡ ಜಲಪಾತಗಳು ಬೆಟ್ಟದ ತೊರೆಗಳವಲ್ಲ, ಹೊಳೆಯವು. ಹಾಗಾಗಿ ಇಲ್ಲಿ ಜಲಪಾತ ನೋಡಲು ಹೊರಡುವವರು ನಮ್ಮೂರಿನ ಆಕಾಶ ನೋಡಿ ಉಪಯೋಗವಿಲ್ಲ, ಕೊಡಗು ಮತ್ತು ವಯನಾಡಿನ ಮಳೆಯ ಸುದ್ದಿ ನೋಡಬೇಕು.

ಉದಾಹರಣೆಗೆ ಕೆ.ಆರ್. ನಗರದ ಆಚೆಗಿನ ಚುಂಚನಕಟ್ಟೆ. ಅಲ್ಲಿ ಕಾವೇರಿ ಎರಡು ಕವಲಾಗಿ ಸುಮಾರು ಅರವತ್ತು ಅಡಿ ಧುಮುಕಿ ಮತ್ತೆ ಕೂಡಿಕೊಳ್ಳುತ್ತದೆ, ದಡದಲ್ಲೇ ಕೋದಂಡರಾಮನ ಗುಡಿ. ಈ ಜಾಗ ಕನ್ನಂಬಾಡಿ ಕಟ್ಟೆಗಿಂತ, ಅಂದರೆ ಕೆ.ಆರ್.ಎಸ್. ಅಣೆಕಟ್ಟಿಗಿಂತ ಮೇಲಿದೆ. ಆದ್ದರಿಂದ ಕಟ್ಟೆ ತುಂಬುವವರೆಗೆ ಕಾಯಬೇಕಾಗಿಲ್ಲ, ಜುಲೈನಲ್ಲಿ ಕೊಡಗಿನಲ್ಲಿ ಮಳೆ ಹಿಡಿದರೆ ಸಾಕು, ಇಲ್ಲಿ ಬಿಸಿಲಿದ್ದರೂ ಅಲ್ಲಿ ಕೆಂಪು ನೀರು ಭೋರ್ಗರೆಯುತ್ತಿರುತ್ತದೆ. ನನ್ನನ್ನು ಕೇಳಿದರೆ ಮೈಸೂರು ಜಿಲ್ಲೆಯೊಳಗಿನ ಅತ್ಯುತ್ತಮ ಜಲಪಾತ ಇದೇ. ಆದರೆ ನಡೆಯುವ ಶ್ರಮ ಏನೂ ಇಲ್ಲ, ಬಸ್ಸು ಗುಡಿಯ ಹತ್ತಿರಕ್ಕೇ ಹೋಗುತ್ತದೆ.

ಮಳವಳ್ಳಿ ಕಡೆಯ ಶಿವನಸಮುದ್ರದಲ್ಲಿ ಕಾವೇರಿ ಧುಮುಕುವ ಗಗನಚುಕ್ಕಿಯ ಲೆಕ್ಕ ಬೇರೆ. ಅದು ಎರಡು ಅಣೆಕಟ್ಟುಗಳ ಕೆಳಗಿದೆ. ಕನ್ನಂಬಾಡಿಯ ಗರಿಷ್ಠ ಮಟ್ಟ 124.80 ಅಡಿ. ಅಲ್ಲಿಗೆ ಮುಟ್ಟಿ ಗೇಟು ತೆಗೆದ ಮೇಲೆಯೇ ಜನ ಗಗನಚುಕ್ಕಿಗೆ ಹೊರಡುವುದು ವಾಡಿಕೆ. ಆದರೆ ಬೀಚನಹಳ್ಳಿಯ ಕಬಿನಿ ಜಲಾಶಯ ಚಿಕ್ಕದು, ವಯನಾಡಿನ ಮಳೆಗೆ ಬೇಗ ತುಂಬಿಕೊಳ್ಳುತ್ತದೆ. ಆ ನೀರು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಸೇರುವುದರಿಂದ, ಕನ್ನಂಬಾಡಿ ಇನ್ನೂ ತುಂಬುತ್ತಿರುವಾಗಲೇ ಗಗನಚುಕ್ಕಿಗೆ ಕಳೆ ಬಂದಿರುತ್ತದೆ. ಪತ್ರಿಕೆಗಳಲ್ಲಿ ದಿನವೂ ಬರುವ ಜಲಾಶಯದ ಮಟ್ಟದಲ್ಲಿ ಕಬಿನಿಯ ಹೊರಹರಿವಿನ ಸಾಲನ್ನೂ ಓದಿ. ಬೇಸಿಗೆಯಲ್ಲಿ ಹೋದರೆ ಬರೀ ಬಂಡೆ. ಇರುವ ಸ್ವಲ್ಪ ನೀರನ್ನೂ ವಿದ್ಯುತ್ ಉತ್ಪಾದನೆಗೆ ತಿರುಗಿಸುತ್ತಾರೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಟ್ಟದ್ದು ಇದೇ ಶಿವನಸಮುದ್ರ. ಗಗನಚುಕ್ಕಿಯನ್ನು ವೀಕ್ಷಣಾ ಸ್ಥಳದಿಂದಲೇ ನೋಡಿ, ಬಂಡೆಗೆ ಇಳಿಯುವ ಹುಚ್ಚು ಬೇಡ. ಅಲ್ಲಿಂದ ಮುಂದಕ್ಕೆ ಮುತ್ತತ್ತಿಯಲ್ಲೂ ಅಷ್ಟೇ. ನದಿ ಅಗಲವಾಗಿ ಶಾಂತವಾಗಿ ಕಾಣುತ್ತದೆ, ಒಳಗೆ ಸುಳಿಗಳಿವೆ, ಜೀವ ಕಳೆದುಕೊಂಡವರು ಬಹಳ ಮಂದಿ.

ನಿಮಗೆ ಬೇಕಾದದ್ದು ಬೆಟ್ಟ, ಕಾಡು, ನಡಿಗೆ. ಅದಕ್ಕೆ ಜಿಲ್ಲೆಯ ಗಡಿ ದಾಟಿ ದಕ್ಷಿಣ ಕೊಡಗಿಗೆ, ಇರ್ಪುವಿಗೆ ಹೋಗಿ. ಹುಣಸೂರು, ಗೋಣಿಕೊಪ್ಪ, ಶ್ರೀಮಂಗಲದ ಮೇಲೆ ಹೋದರೆ ಮೈಸೂರಿನಿಂದ ಸುಮಾರು 120 ಕಿಲೋಮೀಟರ್. ನಾಗರಹೊಳೆ ಕಾಡಿನ ಒಳಗಿನ ದಾರಿಯೂ ಇದೆ, ಸೊಗಸಾಗಿಯೂ ಇದೆ, ಆದರೆ ಕತ್ತಲಾದ ಮೇಲೆ ಅಲ್ಲಿ ವಾಹನ ಬಿಡುವುದಿಲ್ಲ. ವಾಪಸು ಬರುವಾಗ ಅದನ್ನು ನಂಬಿಕೊಳ್ಳಬೇಡಿ.

ಇರ್ಪುವಿನಲ್ಲಿ ಬೀಳುವುದು ಲಕ್ಷ್ಮಣತೀರ್ಥ ನದಿ. ಬ್ರಹ್ಮಗಿರಿಯಲ್ಲಿ ಹುಟ್ಟಿ, ಇಲ್ಲಿ ಸುಮಾರು 170 ಅಡಿ ಇಳಿದು, ಹುಣಸೂರಿನ ಮೇಲೆ ಹರಿದು ಕನ್ನಂಬಾಡಿಯ ಹಿನ್ನೀರು ಸೇರುತ್ತದೆ. ರಾಮನ ಬಾಯಾರಿಕೆ ತಣಿಸಲು ಲಕ್ಷ್ಮಣ ಬಾಣ ಬಿಟ್ಟು ತರಿಸಿದ ನೀರು ಎಂಬ ಐತಿಹ್ಯವಿದೆ. ಶಿವರಾತ್ರಿಗೆ ಭಕ್ತರು ಕಿಕ್ಕಿರಿಯುತ್ತಾರೆ, ಆ ದಿನ ಬಿಡಿ. ರಾಮೇಶ್ವರ ದೇವಸ್ಥಾನದಿಂದ ಜಲಪಾತದ ಬುಡಕ್ಕೆ ದಾರಿ, ಮೆಟ್ಟಿಲು ಎಲ್ಲ ಇವೆ. ಮಕ್ಕಳು ಓಡಿಕೊಂಡು ಹತ್ತುತ್ತಾರೆ. ಭಾನುವಾರ ಮಧ್ಯಾಹ್ನ ಅಲ್ಲಿಯೂ ಜನ ಇರುತ್ತಾರೆ, ಆದ್ದರಿಂದ ಮೈಸೂರನ್ನು ಐದೂವರೆಗೇ ಬಿಡಿ.

ನಿಜವಾದ ಚಾರಣ ಇರುವುದು ಅಲ್ಲಿಂದ ಮೇಲಕ್ಕೆ, ನಾರಿಮಲೆಯ ಮೂಲಕ 1,608 ಮೀಟರ್ ಎತ್ತರದ ಬ್ರಹ್ಮಗಿರಿಗೆ. ಕೆಳಗೆ ದಟ್ಟ ಕಾಡು, ಮೇಲೆ ಹುಲ್ಲುಗಾವಲು, ಮಡಿಲುಗಳಲ್ಲಿ ಶೋಲಾ ಎನ್ನುವ ಕುಳ್ಳ ಮರಗಳ ಕಾಡು, ತುದಿಯ ಆಚೆ ಕೇರಳ. ಅದು ವನ್ಯಜೀವಿಧಾಮ, ಆನೆಗಳ ಓಡಾಟದ ಜಾಗ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಹೆಜ್ಜೆಯೂ ಇಡುವಂತಿಲ್ಲ. ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ದಾರಿ ತೆರೆದಿದೆಯೇ ನೋಡಿಕೊಂಡು ಮುಂಗಡ ಕಾಯ್ದಿರಿಸಿ. ಮಳೆ ಜೋರಾಗಿರುವಾಗ ಮತ್ತು ಬೇಸಿಗೆಯ ಕಾಡ್ಗಿಚ್ಚಿನ ದಿನಗಳಲ್ಲಿ ಸಾಮಾನ್ಯವಾಗಿ ಮುಚ್ಚಿರುತ್ತಾರೆ. ತುದಿ ಮುಟ್ಟಿ ಅದೇ ದಿನ ಮೈಸೂರು ಸೇರುವ ಯೋಜನೆಗೆ ಮಗನನ್ನು ಸೇರಿಸಬೇಡಿ, ಅದಕ್ಕೆ ಹಿಂದಿನ ರಾತ್ರಿ ಕುಟ್ಟದ ಸುತ್ತ ಎಲ್ಲಾದರೂ ಉಳಿಯಬೇಕು.

ಈ ಸಲಕ್ಕೆ ಜಲಪಾತವಷ್ಟೇ ಸಾಕು ಎನ್ನುವುದು ನನ್ನ ಅಭಿಪ್ರಾಯ. ಅಕ್ಟೋಬರ್ ಕೊನೆ ಅಥವಾ ನವೆಂಬರ್ ಆಯ್ದುಕೊಳ್ಳಿ. ನೀರೂ ಇರುತ್ತದೆ, ಮಳೆಯ ಕಾಟವೂ ತಗ್ಗಿರುತ್ತದೆ. ಜಿಗಣೆಗಳು ಆಗಲೂ ಪೂರ್ತಿ ಹೋಗಿರುವುದಿಲ್ಲ. ಉದ್ದನೆಯ ಕಾಲುಚೀಲದೊಳಗೆ ಪ್ಯಾಂಟು ಸಿಕ್ಕಿಸಿ, ಪೊಟ್ಟಣದಲ್ಲಿ ಉಪ್ಪು ಇಟ್ಟುಕೊಳ್ಳಿ. ಕಚ್ಚಿದ್ದನ್ನು ಹಿಡಿದು ಎಳೆಯಬೇಡಿ, ಉಪ್ಪು ಮುಟ್ಟಿಸಿದರೆ ತಾನೇ ಬಿಡುತ್ತದೆ. ತಿಂಡಿ ಹುಣಸೂರಿನಲ್ಲಿ ಮುಗಿಸಿ, ಮಧ್ಯಾಹ್ನಕ್ಕೆ ಚಿತ್ರಾನ್ನವೋ ಚಪಾತಿಯೋ ಮನೆಯಿಂದಲೇ ಕಟ್ಟಿಕೊಳ್ಳಿ.